ಹುಬ್ಬಳ್ಳಿ ಬಸ್ಸಿನಲ್ಲಿ ಬಾರದ ಗಂಡ

ಗಂಗರತ್ನಮ್ಮ: ಎರಡು ದಿನ ಅಂದಿದ್ರಿ. ಇವತ್ತಿಗೆ ಹದಿನೇಳು ದಿನ ಆಯ್ತು.

ಬ್ಯಾಟರಾಯಪ್ಪ: ಮೊದ್ಲು ಒಳಗೆ ಬಾರೇ. ಜಟಕಾದವನು ಕೇಳಿಸ್ಕೋತಾ ನಿಂತಿದಾನೆ.

ಗಂಗರತ್ನಮ್ಮ: ಕೇಳಿಸ್ಕೊಳ್ಳಲಿ ಬಿಡಿ. ಸ್ಟೇಷನ್ನಿಂದ ಇಲ್ಲೀಗಂಟ ಅವನಿಗೆ ಇದೇ ಕಥೆ ಹೇಳ್ಕೊಂಡು ಬಂದಿದೀನಿ. ನೀವೇನು ನೆಪ ಹೇಳ್ತೀರೋ ಅಂತ ಅವನಿಗೂ ತಿಳ್ಕೋಬೇಕಂತೆ.

ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನ ಜಗಲಿಯ ಮೇಲೆ ಪಾರ್ಸಲ್ ಗುಮಾಸ್ತ ಬ್ಯಾಟರಾಯಪ್ಪ ಬನಿಯನ್ ಪಂಚೆಯಲ್ಲಿ ನಿಂತಿದ್ದ. ಕೈಯಲ್ಲಿ ಹದಿಮೂರು ಇಸ್ಪೀಟು ಎಲೆ. ಚಾಪೆಯ ಆ ತುದಿಯಲ್ಲಿ ಪಕ್ಕದ ಮನೆಯ ಗೂಡ್ಸ್ ಕ್ಲರ್ಕ್ ಮೆಹಬೂಬ್ ಪಾಷಾ ತನ್ನ ಎಲೆಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಸರಿಸುತ್ತಿದ್ದ.

‘ಮಗಳ ಮದುವೆ ಆಗಲಿ, ನಿನಗೆ ಸಮುದ್ರ ತೋರಿಸ್ತೀನಿ’ ಎಂದು ಬ್ಯಾಟರಾಯಪ್ಪ ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದ. ಅರವತ್ತೊಂದರ ಜನವರಿಯಲ್ಲಿ ಮಗಳ ಮದುವೆ ಮುಗಿಯಿತು. ರೈಲ್ವೆ ಪಾಸೂ ಕೈಗೆ ಬಂತು. ಪಾಷಾನ ಅಕ್ಕ ಜಹೀರಾಳ ಸಂಸಾರ ಇದ್ದದ್ದು ಕಾರವಾರದಲ್ಲಿ. ಮದುವೆಗೆ ಬಂದಿದ್ದ ಆಕೆ ಊರಿಗೆ ಹೊರಟಾಗ ಬ್ಯಾಟರಾಯಪ್ಪ ಹೆಂಡತಿಯನ್ನೂ ಜೊತೆಗೆ ರೈಲು ಹತ್ತಿಸಿ, ‘ನೀನು ಮುಂದೆ ಹೋಗಿರು, ಎರಡು ದಿನದಲ್ಲಿ ಬಂದೆ’ ಎಂದು ಕೈಬೀಸಿದ್ದ.

ಬ್ಯಾಟರಾಯಪ್ಪ: ನಾನೇನು ಮಾಡ್ಲಿ? ಸಾಹೇಬ್ರು ರಜಾ ಕೊಡ್ಲಿಲ್ಲ.

ಪಾಷಾ: (ಗೆಳೆಯನಿಗೆ ನೆರವಾಗಲೆಂದು, ಅದೇ ಉಸಿರಿನಲ್ಲಿ) ಜ್ವರ ತಂಗ್ಯಮ್ಮಾ, ಭಾರೀ ಜ್ವರ. ನೂರಾ ಮೂರು!

ಗಂಗರತ್ನಮ್ಮ: ಯಾರಿಗೆ? ಸಾಹೇಬ್ರಿಗಾ?

ಬ್ಯಾಟರಾಯಪ್ಪ: ನನಗೆ ಕಣೇ. ಜ್ವರ ಬಂತು, ಅದಕ್ಕೇ ರಜಾ ಕೊಡ್ಲಿಲ್ಲ.

ಗಂಗರತ್ನಮ್ಮ: ಜ್ವರ ಬಂದೋರಿಗೆ ರಜಾ ಕೊಡೋದಿಲ್ವಾ? ಹಂಗಾದ್ರೆ ನೂರಾ ಮೂರು ಜ್ವರ ಇಟ್ಕೊಂಡು ಡ್ಯೂಟಿಗೆ ಹೋಗಿದ್ರಾ?

ಬ್ಯಾಟರಾಯಪ್ಪ: ಹೋಗಿದ್ದೆ.

ಪಾಷಾ: ಎಲ್ಲಿ ಹೋಗ್ತಾನೆ, ಹಾಸಿಗೆ ಬಿಟ್ಟು ಎದ್ದೇ ಇಲ್ಲ!

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಟಕಾದವನು ಟ್ರಂಕನ್ನು ಜಗಲಿಯ ಮೇಲಿಟ್ಟು, ಕುದುರೆಯ ಲಗಾಮು ಸರಿಮಾಡುವ ನೆಪದಲ್ಲಿ ಅಲ್ಲೇ ಉಳಿದ.

ಗಂಗರತ್ನಮ್ಮ: ಇಬ್ರೂ ಸ್ವಲ್ಪ ಒಳಗೆ ಹೋಗಿ ಮಾತಾಡ್ಕೊಂಡು ಬನ್ನಿ. ನಾನು ಕಾಯ್ತೀನಿ. ಕಾಯೋದು ನನಗೀಗ ಚೆನ್ನಾಗಿ ಅಭ್ಯಾಸ ಆಗಿದೆ.

ಬ್ಯಾಟರಾಯಪ್ಪ: ಅಲ್ವೇ, ನಿನಗೊಬ್ಬಳಿಗೇ ಕಷ್ಟವಾ? ನಾನು ಕಾಗದ ಬರೀಲಿಲ್ವಾ? ‘ರಜಾ ಸಿಗ್ತಿಲ್ಲ, ಮನೆ ಬಿಕೋ ಅಂತಿದೆ, ಅನ್ನ ಸೇರ್ತಿಲ್ಲ, ಮೈ ಇಳಿದುಹೋಗಿದೆ’ ಅಂತ?

ಗಂಗರತ್ನಮ್ಮ: ಬರೆದಿದ್ರಿ. ಇಳಿದ ಮೈಗೆ ಈ ಬನಿಯನ್ ಹೊಟ್ಟೆ ಹತ್ರ ಯಾಕೆ ಹಂಗೆ ಬಿಗಿದಿದೆ?

ಬ್ಯಾಟರಾಯಪ್ಪ: ಒಗೆದು ಒಗೆದು ಕುಗ್ಗಿದೆ.

ಗಂಗರತ್ನಮ್ಮ: ಒಗೆದೋರು ಯಾರು?

ಪಾಷಾ: ನಮ್ಮನೆಯೋಳು ಗೌಹರ್ ಒಗೆದು ಕೊಟ್ಲು ತಂಗ್ಯಮ್ಮಾ. ದಿನಾ ಊಟಾನೂ ನಮ್ಮನೇದೇ. ನಿಮ್ಮ ಯಜಮಾನ್ರು ಕುಷ್ಕಾ ಎರಡು ಸಲ ಹಾಕಿಸ್ಕೊಳ್ಳೋರು. (ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು) ಜ್ವರ ಬಿಟ್ಮೇಲೆ.

ಬ್ಯಾಟರಾಯಪ್ಪ: ಪಾಷಾ, ನಿನಗೆ ಡ್ಯೂಟಿ ಇಲ್ವಾ?

ಪಾಷಾ: ಇವತ್ತು ನಮ್ಮಿಬ್ರಿಗೂ ವಾರದ ರಜಾ ಗುರು, ಮರೆತ್ಯಾ? ಅದಕ್ಕೇ ಅಲ್ವಾ ಬೆಳಿಗ್ಗೆಯಿಂದ ಆಟಕ್ಕೆ ಕೂತಿದ್ದು?

ಬ್ಯಾಟರಾಯಪ್ಪ ಎಲೆಗಳನ್ನು ಚಾಪೆಗೆ ಎಸೆದ. ಇನ್ನು ತಾನೇ ಮೇಲೆ ಬೀಳದಿದ್ದರೆ ಉಳಿಗಾಲವಿಲ್ಲ ಅನ್ನಿಸಿತು.

ಬ್ಯಾಟರಾಯಪ್ಪ: ನೀನೂ ಬರೆದಿದ್ದೆಯಲ್ಲ, ‘ನೀವಿಲ್ಲದೆ ಸಮುದ್ರ ಕಣ್ಣೆತ್ತಿ ನೋಡೋಕೂ ಮನಸ್ಸಿಲ್ಲ, ರಾತ್ರಿಯೆಲ್ಲಾ ನಿದ್ದೆ ಇಲ್ಲ’ ಅಂತ. ಓದಿ ನನ್ನ ಕಣ್ಣಲ್ಲಿ ನೀರು ಬಂತು. ಪಾಷಾನೇ ಸಾಕ್ಷಿ.

ಪಾಷಾ: ಹೌದು, ಅತ್ತ. ಆದ್ರೆ ಗುರು, ನಮ್ಮ ಅಕ್ಕ ಬರೆದಿದ್ದು ಬೇರೆ ಥರ ಇತ್ತಲ್ಲ.

ಗಂಗರತ್ನಮ್ಮ: (ಸ್ವರ ತಗ್ಗಿಸಿ) ಜಹೀರಾ ಕಾಗದ ಬರೆದಿದ್ಲಾ?

ಪಾಷಾ: ವಾರಕ್ಕೊಂದು ಬರೀತಾಳೆ. ‘ನಿನ್ನ ಗೆಳೆಯನ ಹೆಂಡತಿ ಎಂಟು ಗಂಟೆಗೆ ಏಳ್ತಾಳೆ. ಎದ್ದು ಮರಳ ಮೇಲೆ ಒಬ್ಬಳೇ ಕೂತ್ಕೋತಾಳೆ. ದಿನಾ ಎರಡು ಹೊತ್ತೂ ಬಂಗಡೆ ಮೀನು. ಮಧ್ಯಾಹ್ನ ಗಾಳಿಮರದ ಕೆಳಗೆ ಚಾಪೆ ಹಾಸ್ಕೊಂಡು ಮಲಗಿದ್ರೆ ಅವಳ ಗೊರಕೆ ದೋಣಿಯೋರಿಗೂ ಕೇಳುತ್ತೆ’ ಅಂತ.

ಬ್ಯಾಟರಾಯಪ್ಪ: ಲೋ, ಇದನ್ನ ನನಗೆ ಹೇಳೇ ಇಲ್ಲ ನೀನು!

ಪಾಷಾ: ಆವಾಗ ನೀನು ಅಳ್ತಿದ್ಯಲ್ಲ, ಮಧ್ಯದಲ್ಲಿ ಯಾಕೆ ಅಂತ.

ಬ್ಯಾಟರಾಯಪ್ಪ: ಓಹೋಹೋ! ಇದಾ ನಿನ್ನ ನಿದ್ದೆ ಇಲ್ಲದ ರಾತ್ರಿ? ಇಲ್ಲಿ ಗಂಡ ಸಾಯ್ತಾ ಬಿದ್ದಿದಾನೆ, ಅಲ್ಲಿ ಹೆಂಡ್ತಿ ಎರಡು ಹೊತ್ತು ಬಂಗಡೆ!

ಗಂಗರತ್ನಮ್ಮ: ಹೌದ್ರೀ, ತಿಂದೆ. ಆದ್ರೆ ಮೊದಲ್ನೇ ದಿನದಿಂದಲೇ ಅಲ್ಲ. ರೈಲಿಳಿದೋರನ್ನ ತರೋ ಹುಬ್ಬಳ್ಳಿ ಬಸ್ಸು ಕಾರವಾರಕ್ಕೆ ಸಾಯಂಕಾಲ ಐದೂವರೆಗೆ ಬರೋದು. ಮೂರು ಸಂಜೆ ಮದುವೆ ಸೀರೆ ಉಟ್ಕೊಂಡು, ಹೂ ಮುಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ಕೂತಿದ್ದೆ. ನಿಮ್ಮ ಹಂಗೇ ಕರಿ ಟೋಪಿ ಹಾಕಿರೋರು ಯಾರಾದ್ರೂ ಇಳಿದ್ರೆ ಎದ್ದು ನಿಲ್ತಿದ್ದೆ. ಮೂರನೇ ದಿನ ಕಂಡಕ್ಟರೇ ಬಂದು ‘ಇವತ್ತೂ ಇಲ್ಲ ತಾಯಿ’ ಅಂದ. ಅವನ ಮುಖ ನೋಡೋಕೆ ಆಗ್ಲಿಲ್ಲ ನನಗೆ.

ಬ್ಯಾಟರಾಯಪ್ಪ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಗಂಗರತ್ನಮ್ಮ: ನಾಲ್ಕನೇ ದಿನ ಬೆಳಿಗ್ಗೆ ಎಚ್ಚರ ಆಯ್ತು. ‘ಕಾಫಿ ಎಲ್ಲಿ’ ಅಂತ ಯಾರೂ ಕೇಳ್ಲಿಲ್ಲ. ‘ನನ್ನ ಷರ್ಟು ಗುಂಡಿ’ ಅಂತ ಕೂಗ್ಲಿಲ್ಲ. ಮಗ್ಗುಲು ಬದಲಾಯಿಸಿ ಮಲಗಿದೆ. ಇಪ್ಪತ್ತೆರಡು ವರ್ಷಕ್ಕೆ ಮೊದಲ್ನೇ ಸಲ ಬಿಸಿಲು ಕಾಲ ಮೇಲೆ ಬರೋತನಕ ಮಲಗಿದೆ ಕಣ್ರೀ. ಆಮೇಲೆ ಬಸ್ ಸ್ಟ್ಯಾಂಡ್ ಕಡೆ ತಲೆ ಹಾಕ್ಲಿಲ್ಲ. ಸಾಯಂಕಾಲ ಐದೂವರೆ ಆಗ್ತಿದ್ದಂಗೆ ಎದೆ ಡವಡವ ಅನ್ನೋದು.

ಬ್ಯಾಟರಾಯಪ್ಪ: (ಆಸೆಯಿಂದ) ನಾನು ಬರ್ತೀನಿ ಅಂತ?

ಗಂಗರತ್ನಮ್ಮ: ಹೂಂ. ಎಲ್ಲಿ ಬಂದ್ಬಿಡ್ತೀರೋ ಅಂತ.

ಪಾಷಾ ನಗು ತಡೆಯಲಾರದೆ ಕೆಮ್ಮಿದ. ಜಟಕಾದವನು ಕುದುರೆಯ ಕತ್ತಿನ ಮರೆಗೆ ಮುಖ ತಿರುಗಿಸಿದ.

ಬ್ಯಾಟರಾಯಪ್ಪ: ಇಷ್ಟಕ್ಕೂ ರಜಾ ಸಿಕ್ಕಿದ್ರೆ ನಾನು ಬರ್ತಿದ್ದೆ. ಸಾಹೇಬ್ರನ್ನೇ ಹೋಗಿ ಕೇಳು ಬೇಕಾದ್ರೆ.

ಗಂಗರತ್ನಮ್ಮ: ಕೇಳಿದೆ.

ಬ್ಯಾಟರಾಯಪ್ಪ: ಏನು?

ಗಂಗರತ್ನಮ್ಮ: ರೈಲು ಇಳಿದೋಳು ನೇರ ಅವರ ರೂಮಿಗೇ ಹೋದೆ. ‘ನಮ್ಮನೆಯೋರಿಗೆ ರಜಾ ಯಾಕೆ ಕೊಡ್ಲಿಲ್ಲ’ ಅಂತ ಜೋರಾಗೇ ಕೇಳಿದೆ. ಪಾಪ, ಅವರು ಫೈಲೆಲ್ಲಾ ಹುಡುಕಿ ‘ಅರ್ಜಿನೇ ಬಂದಿಲ್ವಲ್ಲಮ್ಮಾ’ ಅಂದ್ರು. ನಾನು ಕೂಗಾಡಿದ್ದಕ್ಕೆ ಅವರ ಹತ್ರ ಕ್ಷಮೆ ಕೇಳ್ಕೊಂಡು ಬರೋ ಹಂಗಾಯ್ತು.

ಬ್ಯಾಟರಾಯಪ್ಪ ಗೋಡೆಗೊರಗಿ ಕುಳಿತ. ಅವನ ಮುಖದಲ್ಲಿ ನೆಪಗಳೆಲ್ಲ ಖಾಲಿಯಾಗಿದ್ದವು.

ಗಂಗರತ್ನಮ್ಮ: ಈಗ ನಿಜ ಹೇಳಿ. ಯಾಕೆ ಬರ್ಲಿಲ್ಲ?

ಪಾಷಾ: ಬಿಡು ತಂಗ್ಯಮ್ಮಾ. ಅವನಿಗೂ ಸಮುದ್ರಕ್ಕೂ ಆಗಿಬರಲ್ಲ. ಮದುವೆಗೆ ಮುಂಚೆ ಒಂದ್ಸಲಾನೂ ಅಷ್ಟೇ, ನಾವಿಬ್ರೂ ಬೊಂಬಾಯಿಗೆ ಹೊರಟಿದ್ವಿ. ಇವನಿಗೆ ಪೂನಾದಲ್ಲೇ ಹೊಟ್ಟೆ ಕೆಟ್ಟು ಅಲ್ಲಿಂದಾನೇ ವಾಪಸ್ ಬಂದ್ವಿ…

ಬ್ಯಾಟರಾಯಪ್ಪ: ಪಾಷಾ!

ಗಂಗರತ್ನಮ್ಮ: ಪೂನಾದಿಂದ ವಾಪಸ್ಸಾ? ಹಂಗಾದ್ರೆ ಬೊಂಬಾಯಿ ಸಮುದ್ರದಲ್ಲಿ ಎರಡು ಮೈಲಿ ಈಜಿದ್ದು ಯಾರು?

ಮದುವೆಯಾದ ಹೊಸದರಲ್ಲಿ, ಹೆಬ್ಬಾಳದ ಕೆರೆ ಏರಿಯ ಮೇಲೆ ಹೆಂಡತಿಯನ್ನು ಮೆಚ್ಚಿಸಲು ಹೇಳಿದ ಒಂದು ಸುಳ್ಳು ಅದು. ವರ್ಷ ವರ್ಷಕ್ಕೂ ಅದಕ್ಕೆ ಅಲೆ, ಹಡಗು, ತಿಮಿಂಗಿಲ ಎಲ್ಲವೂ ಸೇರಿಕೊಂಡಿದ್ದವು.

ಬ್ಯಾಟರಾಯಪ್ಪ: (ನೆಲ ನೋಡುತ್ತಾ) ನಾನು ಸಮುದ್ರ ನೋಡೇ ಇಲ್ಲ ಕಣೇ. ಅಲ್ಲಿಗೆ ಬಂದು, ನೀರು ಕಂಡು ನಾನು ಹೆದರಿದ್ರೆ ನೀನು ನಗ್ತಿದ್ದೆ. ನೀನೊಬ್ಬಳೇ ಆದ್ರೂ ನನ್ನ ನಂಬಿದ್ದೆಯಲ್ಲ, ಅದೂ ಹೋಗುತ್ತಲ್ಲ ಅಂತ…

ಗಂಗರತ್ನಮ್ಮ: ಅದು ಮೊದಲ್ನೇ ದಿನ ಬೆಳಿಗ್ಗೆ ಆರು ಗಂಟೆಗೇ ಹೋಯ್ತು.

ಬ್ಯಾಟರಾಯಪ್ಪ: ಹೆಂಗೆ?

ಗಂಗರತ್ನಮ್ಮ: ‘ರಾತ್ರಿಯೆಲ್ಲಾ ಉಪ್ಪು ತಳಕ್ಕೆ ಇಳಿದಿರುತ್ತೆ, ಬೆಳಗಿನ ಜಾವ ಮೇಲಿನ ನೀರು ಎಳನೀರು ಇದ್ದಂಗೆ ಇರುತ್ತೆ’ ಅಂತ ಹೇಳಿದ್ದೋರು ಯಾರು? ಗಂಡನ ಮಾತು ಅಂತ ಚೊಂಬು ತಗೊಂಡು ಹೋದೆ. ಮೀನಿನ ಬುಟ್ಟಿ ಹೊತ್ತ ಹೆಂಗಸರೆಲ್ಲಾ ನಿಂತು ನೋಡ್ತಿದ್ರು. ಗಟಗಟ ಅಂತ ಅರ್ಧ ಚೊಂಬು ಕುಡಿದುಬಿಟ್ಟೆ ಕಣ್ರೀ!

ಪಾಷಾ ಈ ಸಲ ಕೆಮ್ಮಲಿಲ್ಲ, ಬಿದ್ದು ಬಿದ್ದು ನಕ್ಕ. ಬ್ಯಾಟರಾಯಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಬ್ಯಾಟರಾಯಪ್ಪ: ಹಂಗಾದ್ರೆ ನಿನಗೆ ಗೊತ್ತಿದ್ದೂ ಮೂರು ದಿನ ಬಸ್ ಸ್ಟ್ಯಾಂಡಿಗೆ ಹೋದ್ಯಾ?

ಗಂಗರತ್ನಮ್ಮ: ಹೋದೆ. ನಿಮಗೂ ಅರ್ಧ ಚೊಂಬು ಕುಡಿಸೋಣ ಅಂತ.

ಅಷ್ಟು ಹೇಳಿ ಅವಳು ಸೆರಗಿನ ಗಂಟು ಬಿಚ್ಚಿ ಒಂದು ಮಡಿಸಿದ ಕಾಗದ ತೆಗೆದಳು.

ಗಂಗರತ್ನಮ್ಮ: ತಗೊಳ್ಳಿ. ಸಾಹೇಬ್ರ ಎದುರಿಗೇ ಕೂತು ನಿಮ್ಮ ರಜಾ ಅರ್ಜಿ ನಾನೇ ಬರೆದೆ. ಹತ್ತು ದಿನ ಮಂಜೂರಾಗಿದೆ. ನಿಮ್ಮ ಸಹಿ ಒಂದು ಬಾಕಿ. ಸಾಯಂಕಾಲ ಹುಬ್ಬಳ್ಳಿ ಗಾಡಿ.

ಬ್ಯಾಟರಾಯಪ್ಪ: (ಕಣ್ಣರಳಿಸಿ) ಇಬ್ರೂ ಹೋಗೋಣ ಅಂತೀಯಾ? ನೋಡ್ದ್ಯೇನೋ ಪಾಷಾ, ನನ್ನ ಹೆಂಡ್ತಿ ಮನಸ್ಸು! ಹತ್ತಿಸೋ ಟ್ರಂಕು ಜಟಕಾಕ್ಕೆ!

ಗಂಗರತ್ನಮ್ಮ: ಟ್ರಂಕು ಅಲ್ಲೇ ಇರಲಿ. ಅದು ನಂದು. ನಾನು ಸಮುದ್ರ ನೋಡಿ ಆಯ್ತು. ಇನ್ನು ಹತ್ತು ದಿನ ನಾನು ನೋಡ್ಬೇಕಾಗಿರೋದು ನೀವಿಲ್ಲದ ಈ ಮನೇನ.

ಬ್ಯಾಟರಾಯಪ್ಪ ವಾದಿಸಿದ, ಗೋಗರೆದ, ಕೊನೆಗೆ ಹಣೆ ಮುಟ್ಟಿ ನೋಡು ಎಂದು ಜ್ವರವನ್ನೂ ಮತ್ತೆ ಕರೆದ. ಆಗಲಿಲ್ಲ. ಸಂಜೆ ಅದೇ ಜಟಕಾ ಅವನನ್ನು ಸ್ಟೇಷನ್ನಿಗೆ ಒಯ್ದಿತು. ಕರಿ ಟೋಪಿ ಹಾಕಿಕೊಂಡು, ಬಲಿಗೆ ಹೊರಟವನಂತೆ ಕೂತಿದ್ದ.

ಎಂಟನೇ ದಿನ ಒಂದು ಕಾರ್ಡು ಬಂತು. ಗಂಗರತ್ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು ಅದನ್ನು ಪಾಷಾನಿಗೆ ಓದಿ ಹೇಳಿದಳು.

‘ಸಮುದ್ರ ನೋಡಿದೆ. ಬಹಳ ದೊಡ್ಡದಿದೆ. ಮೊದಲ ದಿನ ಹೆದರಿ ಓಡಿಬಂದೆ. ಜಹೀರಕ್ಕ ನಕ್ಕರು. ಎರಡನೇ ದಿನ ಮೊಣಕಾಲವರೆಗೆ ನೀರಿಗಿಳಿದೆ. ಈಗ ದಿನವೂ ಮಧ್ಯಾಹ್ನ ಗಾಳಿಮರದ ಕೆಳಗೆ ಮಲಗುತ್ತೇನೆ. ಇನ್ನೂ ಹತ್ತು ದಿನ ರಜೆ ಬೇಕೆಂದು ಸಾಹೇಬರಿಗೆ ನಾನೇ ಅರ್ಜಿ ಬರೆದಿದ್ದೇನೆ.’

ಪಾಷಾ: ಇನ್ನೂ ಹತ್ತು ದಿನಾನಾ! ತಕ್ಷಣ ಹೊರಟು ಬಾ ಅಂತ ಒಂದು ತಂತಿ ಕೊಡ್ಲಾ ತಂಗ್ಯಮ್ಮಾ?

ಗಂಗರತ್ನಮ್ಮ: ಸುಮ್ನಿರಿ ಪಾಷಣ್ಣ. ಮದುವೆ ಆದಾಗಿಂದ ಗಂಡ ಹೆಂಡ್ತಿ ಇಬ್ರೂ ಒಂದೇ ಹೊತ್ತಿಗೆ ಸುಖವಾಗಿರೋದು ಇದೇ ಮೊದಲು.