ಲ್ಯಾವಿಂಗ್ಟನ್‌ನಲ್ಲಿ ಅಮೆರಿಕದ ಉತ್ತರಪತ್ರಿಕೆ

ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರ ಫಲಿತಾಂಶ ಇನ್ನೂ ಹೊರಬಿದ್ದಿಲ್ಲ. ಪಾಪ, ಈ ಸಂಗತಿ ಅವರಿಗೇ ಗೊತ್ತಿಲ್ಲ! ಕುರ್ಚಿ ಬಿಟ್ಟಿಳಿದ ಮೇಲೆ ಎಲ್ಲ ಮುಗಿಯಿತೆಂದುಕೊಂಡು ಅವರು ಎಲ್ಲೋ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿರಬಹುದು. ಆದರೆ ಅವರ ಉತ್ತರಪತ್ರಿಕೆ ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ, ಎತ್ತರದ ಗೇಟಿನ ಕಾಂಪೌಂಡೊಂದರ ಒಳಗೆ, ನಮ್ಮ ಚಿಕ್ಕಪ್ಪನ ವಶದಲ್ಲಿದೆ. ಚಿಕ್ಕಪ್ಪ ಅಂಕ ಹಾಕದೆ ಇತಿಹಾಸ ಹೇಗೆ ತಾನೇ ತೀರ್ಪು ಕೊಟ್ಟೀತು?

ಚಿಕ್ಕಪ್ಪ ಮೈಸೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ, ಆಮೇಲೆ ನೈರೋಬಿಗೆ ಬಂದು ಇಲ್ಲಿಯೂ ಪಾಠ ಮಾಡಿ ನಿವೃತ್ತರಾದವರು. ಪಾಠ ಬಿಟ್ಟರು, ವ್ಯಾಲ್ಯುಯೇಷನ್ ಬಿಡಲಿಲ್ಲ. ಬೇಸಿಗೆ ಬಂತೆಂದರೆ ಕಟ್ಟುಗಟ್ಟಲೆ ಪೇಪರ್ ತಿದ್ದುತ್ತಿದ್ದ ಕೈ ಸುಮ್ಮನಿದ್ದೀತೇ? ಬೇರೆ ವಿದ್ಯಾರ್ಥಿಗಳು ಸಿಗದೆ ಅಮೆರಿಕದ ಅಧ್ಯಕ್ಷರನ್ನು ಹಿಡಿದುಕೊಂಡರು. ಯಾವ ಅಧ್ಯಕ್ಷರು ಎಂದು ಮಾತ್ರ ಕೇಳಬೇಡಿ. ಆ ಮನೆಯಲ್ಲಿ ಅವರ ಹೆಸರು ಎತ್ತುವಂತಿಲ್ಲ. ರಿಜಿಸ್ಟರ್ ನಂಬರ್ ಮುಚ್ಚಿ ತಾನೇ ಪೇಪರ್ ತಿದ್ದುವುದು? ಹಾಗಾಗಿ ಅವರು ಬರೀ 'ಅಭ್ಯರ್ಥಿ'. ಒಂದು ಗಣೇಶನ ಹಬ್ಬದ ದಿನ ಊಟಕ್ಕೆ ಬಂದಿದ್ದ ಸ್ಪ್ರಿಂಗ್ ವ್ಯಾಲಿಯ ಫ್ಯಾಕ್ಟರಿ ಮ್ಯಾನೇಜರೊಬ್ಬರು ಕಡುಬು ಬಾಯಲ್ಲಿಟ್ಟುಕೊಂಡೇ ಆ ಹೆಸರು ಹೇಳಿಬಿಟ್ಟರು.

"ಏನ್ ಸಾರ್ ನೀವು! ಗುಟ್ಟು ಬಯಲು ಮಾಡಿಬಿಟ್ರಲ್ಲ! ಈಗ ಇಡೀ ಪೇಪರ್ ಮತ್ತೆ ಫಸ್ಟಿಂದ ತಿದ್ದಬೇಕು ನಾನು" ಎಂದು ಚಿಕ್ಕಪ್ಪ ಎಲೆಯ ಮುಂದೆಯೇ ಎದ್ದು ನಿಂತರು.

"ಪ್ರಪಂಚಕ್ಕೆಲ್ಲ ಗೊತ್ತಿರೋ ಹೆಸರು ಸಾರ್ ಅದು..."

"ಪ್ರಪಂಚ ಏನು ವ್ಯಾಲ್ಯುಯೇಟರ್ರಾ?"

ಮ್ಯಾನೇಜರ್ ಪಾಪ, ಎರಡನೆಯ ಕಡುಬು ಹಾಕಿಸಿಕೊಳ್ಳಲಿಲ್ಲ.

ಪ್ರಶ್ನೆಪತ್ರಿಕೆಯೂ ಚಿಕ್ಕಪ್ಪನದೇ. ಆರ್ಥಿಕ ನೀತಿ, ಯುದ್ಧ ಮತ್ತು ಶಾಂತಿ, ಬಡ ದೇಶಗಳಿಗೆ ನೆರವು. ಕೊನೆಯಲ್ಲಿ ಕಡ್ಡಾಯವಾಗಿ ಲೆಗಸಿ, ಅಂದರೆ ಕುರ್ಚಿ ಖಾಲಿಯಾದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆ. ಆರ್ಥಿಕ ನೀತಿಗೆ ಅವರ ಷರಾ: "ಹಿಂದಿದ್ದೋನದ್ದು ಕಾಪಿ ಹೊಡ್ದು ಹೊಸ ಹೆಡ್ಡಿಂಗ್ ಕೊಟ್ಟಿದಾನೆ." ಯುದ್ಧಕ್ಕೆ: "ನಿಲ್ಲಿಸ್ತೀನಿ ಅಂತ ಪೀಠಿಕೆ ಬರ್ದಿದಾನೆ, ಉತ್ತರದಲ್ಲಿ ಮುಂದುವರಿಸಿದಾನೆ. ಪೀಠಿಕೆಗೆ ಮಾತ್ರ ಮಾರ್ಕ್ಸು." ಅಭ್ಯರ್ಥಿಯ ಭಾಷಣ ಕೇಳಿ ನಾವು ಯಾರಾದರೂ ತಲೆದೂಗಿದೆವೋ, "ಕೈಬರಹ ಚೆನ್ನಾಗಿದೆ ಅಂತ ಪಾಸ್ ಮಾಡೋಕಾಗತ್ತೇನ್ರೀ?" ಎಂದು ನಮ್ಮ ಮೇಲೇ ಹಾಯುತ್ತಿದ್ದರು!

ಪರೀಕ್ಷೆ ಎಂದ ಮೇಲೆ ಎರಡನೆಯ ವ್ಯಾಲ್ಯುಯೇಟರ್ ಬೇಕಲ್ಲ? ಆ ಹುದ್ದೆ ಚಿಕ್ಕಮ್ಮನದು. ಅವರು ಅಡುಗೆಮನೆಯಲ್ಲಿ ಸುಕುಮಾ ಸೊಪ್ಪು ಹೆಚ್ಚುತ್ತಲೇ ಅಂಕ ಕೊಡುತ್ತಿದ್ದರು, ಅದೂ ಧಾರಾಳವಾಗಿ.

"ರೀ, ಅಷ್ಟು ಬಿಗಿಯಾಗಿ ತಿದ್ಬೇಡಿ. ಅವನ ಕಾಲದಲ್ಲಿ ಇಲ್ಲಿನ ಎಷ್ಟು ಜನಕ್ಕೆ ಔಷಧಿ ಸಿಕ್ತು! ಅದಕ್ಕಾದ್ರೂ ಕೊಡಿ."

"ಕೊಟ್ಟ, ಕೈಯೊಡ್ಡೋದನ್ನ ಕಲಿಸ್ದ. ಅದೂ ಒಂದು ಪಾಲಿಸೀನಾ?"

"ಜ್ವರ ಬಂದು ಮಲಗಿರೋರಿಗೆ ಪಾಲಿಸಿ ಅರೆದು ಕುಡಿಸ್ತೀರಾ?"

"ನಿಂಗೆ ಪಾಲಿಟಿಕ್ಸ್ ಗೊತ್ತಿಲ್ಲ!"

"ನಿಮಗೆ ಉಪ್ಪಿನ ಡಬ್ಬ ಎಲ್ಲಿದೆ ಅಂತ ಗೊತ್ತಿಲ್ಲ!"

ಇಬ್ಬರ ಅಂಕಗಳಿಗೂ ಆಕಾಶ ಭೂಮಿಯ ಅಂತರ. ಇಂಥ ಸಂದರ್ಭದಲ್ಲಿ ಪೇಪರ್ ಮೂರನೆಯವರಿಗೆ ಹೋಗಬೇಕೆಂಬುದು ನಿಯಮ. ಇದೇ ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿರುವ ನನಗೆ ಫೋನು ಬರುತ್ತಿತ್ತು. ನಾನು ಜಾಣತನದಿಂದ "ಇಬ್ಬರದ್ದೂ ಸರಿ" ಎನ್ನುತ್ತಿದ್ದೆ. ಇಬ್ಬರೂ ಒಟ್ಟಿಗೇ ನನ್ನನ್ನು ಬೈದು ಫೋನಿಡುತ್ತಿದ್ದರು. ಆ ಮನೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬರುತ್ತಿದ್ದುದು ಈ ಒಂದು ವಿಷಯದಲ್ಲಿ ಮಾತ್ರ.

ಹೋದ ವರ್ಷ ಚಿಕ್ಕಮ್ಮ ತೀರಿಕೊಂಡರು. ಬೆಳಿಗ್ಗೆ ಎದೆನೋವು ಎಂದರು, ಸಂಜೆಗೆ ಇರಲಿಲ್ಲ. ಮಕ್ಕಳಿಲ್ಲದ ಮನೆ. ಅಷ್ಟು ದೊಡ್ಡ ಕಾಂಪೌಂಡಿನಲ್ಲಿ ಚಿಕ್ಕಪ್ಪ ಒಬ್ಬರೇ ಉಳಿದರು.

ಆಗ ನೈರೋಬಿಯ ಕನ್ನಡಿಗರೆಲ್ಲ ಸೇರಿ ಒಂದು ಮಹಾ ಅನಾಹುತ ಮಾಡಿದೆವು. ಏನು ಗೊತ್ತೇ? ಅವರು ಹೇಳಿದ್ದಕ್ಕೆಲ್ಲ ಹೂಂ ಎಂದೆವು! ಹೆಂಡತಿಯನ್ನು ಕಳೆದುಕೊಂಡ ಹಿರಿಯರಿಗೆ ಯಾರಾದರೂ ಎದುರಾಡುತ್ತಾರೆಯೇ? ಚಿಕ್ಕಪ್ಪ "ಅಭ್ಯರ್ಥಿ ಫೇಲ್" ಎಂದರು. "ಹೌದು ಸಾರ್, ಶುದ್ಧ ಫೇಲು" ಎಂದರು ಬಂದವರು. ಮುಂದಿನ ವಾರ ಚಿಕ್ಕಪ್ಪ ಬೇಕೆಂದೇ ತಿರುಗಿಸಿ "ಯೋಚನೆ ಮಾಡಿದ್ರೆ ಫಸ್ಟ್ ಕ್ಲಾಸ್ ಕೊಡಬಹುದು" ಎಂದರು. "ಖಂಡಿತ ಸಾರ್, ನಾವೂ ಅದನ್ನೇ ಅಂದ್ಕೊಂಡಿದ್ವಿ." ಆಮೇಲೆ ರ‍್ಯಾಂಕೇ ಕೊಟ್ಟರು. ಅದೇ ಕಡುಬಿನ ಮ್ಯಾನೇಜರ್ ಕಣ್ಣಲ್ಲಿ ನೀರು ತಂದುಕೊಂಡು "ಚಿನ್ನದ ಪದಕಾನೂ ಕೊಟ್ಬಿಡಿ ಸಾರ್" ಎಂದರು.

ಎದುರಾಳಿಯನ್ನು ಹುಡುಕಿಕೊಂಡು ಚಿಕ್ಕಪ್ಪ ನಮ್ಮ ಮನೆಗೆ ಬಂದರು. ನನ್ನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವರು ಫೋನಿನಿಂದ ತಲೆಯೆತ್ತದೆ "ಯು ಆರ್ ರೈಟ್, ತಾತಾ" ಎಂದರು. ವಾಪಸು ಹೋಗುವಾಗ ಚಿಕ್ಕಪ್ಪ ಕಾರು ಬೇಡವೆಂದು ಹಟ ಮಾಡಿ ಮಟಾಟು ಹತ್ತಿದರು. ಅಷ್ಟು ಜನ ತುಂಬಿದ ವ್ಯಾನಿನಲ್ಲಿ ಒಬ್ಬನಾದರೂ ಜಗಳಕ್ಕೆ ಸಿಗುವುದಿಲ್ಲವೇ? ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ ಅಮೆರಿಕದ ವಿದೇಶಾಂಗ ನೀತಿಯ ಲೋಪಗಳನ್ನೆಲ್ಲ ವಿವರಿಸಿದರಂತೆ. ಆಕೆ ಹಿರಿಯರೆಂಬ ಗೌರವದಿಂದ ಕೇಳಿ, "ಸವಾ, ಸವಾ" ಎಂದು ಇಳಿದುಹೋದಳಂತೆ.

"ಸ್ವಾಹಿಲೀಲೂ 'ಸರಿ, ಸರಿ' ಅಂತಾರಲ್ಲಮ್ಮಾ!" ಎಂದು ಫೋನಿನಲ್ಲಿ ಗೋಳಾಡಿದರು. ನಾನು ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ.

ಆಮೇಲೆ ಫೋನು ಬರುವುದು ಕಡಿಮೆಯಾಯಿತು, ಕ್ರಮೇಣ ನಿಂತೇಹೋಯಿತು. ಒಂದು ಶನಿವಾರ ಮಧ್ಯಾಹ್ನ ಕೋಸಂಬರಿ ಮಾಡಿಕೊಂಡು ನಾನೇ ಹೋದೆ. ಯಾವಾಗಲೂ ಅಮೆರಿಕದ ಸುದ್ದಿ ಅರಚುತ್ತಿದ್ದ ಟಿವಿ ಆರಿತ್ತು. ಚಿಕ್ಕಪ್ಪ ಶೇವ್ ಮಾಡಿಕೊಂಡಿರಲಿಲ್ಲ. ಚಹಾ ಮಾಡಿ ತಂದುಕೊಟ್ಟು ಕಿಟಕಿಯ ಕಡೆ ಮುಖ ಮಾಡಿ ಕುಳಿತರು.

"ಅಭ್ಯರ್ಥಿ ಹೇಗಿದಾನೆ ಚಿಕ್ಕಪ್ಪ?"

"ಎಲ್ಲಾರೂ ಒಪ್ಪಿಬಿಟ್ರಲ್ಲಮ್ಮ. ಇನ್ನೇನು ಉಳೀತು ಮಾತಾಡೋಕೆ?"

ನಮ್ಮ ಮರ್ಯಾದೆಯೆಲ್ಲ ಸೇರಿ ಈ ಮನುಷ್ಯನ ಬಾಯಿಗೆ ಬೀಗ ಹಾಕಿತ್ತು. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಆದರೂ ಲೋಟ ಕೆಳಗಿಟ್ಟು ಹೇಳಿದೆ.

"ನೀವು ಹೇಳೋದು ಪೂರ್ತಿ ತಪ್ಪು ಚಿಕ್ಕಪ್ಪ. ಫೇಲ್ ಅಂದಿದ್ದೂ ತಪ್ಪು, ರ‍್ಯಾಂಕ್ ಕೊಟ್ಟಿದ್ದೂ ತಪ್ಪು. ನಿಮಗೆ ತಿದ್ದೋಕೇ ಬರಲ್ಲ."

ಚಿಕ್ಕಪ್ಪ ನಿಧಾನವಾಗಿ ಈ ಕಡೆ ತಿರುಗಿದರು.

"ಏನಂದೆ?"

"ಔಷಧಿ ಕೊಟ್ಟೋನು ಕೈಯೊಡ್ಡೋದು ಕಲಿಸ್ದ ಅಂತೀರಿ. ಔಷಧಿ ತಗೊಂಡು ಬದುಕಿರೋರನ್ನ ಕೇಳಿದೀರಾ? ಬದುಕಿರೋದಕ್ಕಿಂತ ದೊಡ್ಡ ಲೆಗಸಿ ಯಾವ್ದಿದೆ?"

"ಹಾಗಾದ್ರೆ ಯುದ್ಧದಲ್ಲಿ ಸತ್ತೋರು? ಅವರು ಯಾರ ಲೆಗಸಿ? ಔಷಧಿ ಕೊಟ್ಟ ಅಂತ ಅದನ್ನ ಮಾಫಿ ಮಾಡ್ತೀಯಾ? ಯಾವ ಕಾಲೇಜಲ್ಲಮ್ಮ ಓದಿದ್ದು ನೀನು? ಅಲ್ಲೇ ಕೂತ್ಕೋ. ಎದ್ದೇಳ್ಬೇಡ!"

ಹತ್ತಿತು ನೋಡಿ ಜಗಳ! ಅವರು ಮೇಜು ಗುದ್ದಿದರು, ನಾನೂ ಗುದ್ದಿದೆ. ಚಹಾ ತಣ್ಣಗಾಯಿತು, ಕೋಸಂಬರಿ ನೀರುಬಿಟ್ಟಿತು. ಏನು ಗಲಾಟೆಯೋ ಎಂದು ಗೇಟಿನ ಕಾವಲುಗಾರ ಕಿಟಕಿಯವರೆಗೆ ಬಂದು ಇಣುಕಿದ. ಯಾವ ಅಂಕದ ಮೇಲೂ ನಮ್ಮಿಬ್ಬರಿಗೆ ಒಪ್ಪಿಗೆಯಾಗಲಿಲ್ಲ. ಚಿಕ್ಕಪ್ಪನ ಮುಖ ಕೆಂಪಗಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಒಂದು ಹಂತದಲ್ಲಿ ಮಾತು ಅರ್ಧಕ್ಕೆ ನಿಲ್ಲಿಸಿ, ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

"ಅವಳು ಹೋದ್ಮೇಲೆ ನಂಗೆ ಯಾರೂ ತಪ್ಪು ಅಂದಿರ್ಲಿಲ್ಲ ಕಣಮ್ಮ" ಎಂದರು.

ನಾನು ಅವರ ಕೈ ಹಿಡಿದುಕೊಂಡೆ. ಹೊರಡುವಾಗ ಗೇಟಿನವರೆಗೂ ಬಂದರು.

"ನಾಳೇನೂ ಬಾ. ನೀನು ಹೇಳಿದ್ರಲ್ಲಿ ಒಂದೂ ಸರಿಯಿಲ್ಲ."

ಬರುತ್ತೇನೆ ಎಂದೆ. ಅವರ ಮೇಲಿನ ಕನಿಕರದಿಂದ ಹೇಳಿದ್ದಲ್ಲ. ನನ್ನ ಗಂಡ ಫ್ಯಾಕ್ಟರಿಯಿಂದ ಬರುವಷ್ಟರಲ್ಲಿ ಮಾತಾಡುವ ತ್ರಾಣವಿರುವುದಿಲ್ಲ. ಮಕ್ಕಳ ಬಾಗಿಲು ಮುಚ್ಚಿರುತ್ತದೆ. ಇಷ್ಟು ದೊಡ್ಡ ಊರಿನಲ್ಲಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ನೀನು ಹೇಳಿದ್ದು ತಪ್ಪು ಎಂದು ಕನ್ನಡದಲ್ಲಿ ಜಗಳವಾಡುವವರು ನನಗಾದರೂ ಬೇರೆ ಯಾರಿದ್ದಾರೆ?