ಒಂದು ಮಳೆ, ಎರಡು ಹಾಳೆ

ಒಮ್ಮೆ ಬರೆದ ಮಳೆಯ ಗ್ರಾಫನ್ನು ಮತ್ತೊಮ್ಮೆ ಯಾಕೆ ಬರೆಯಬೇಕು ಎಂದು ಅಮರೇಶನಿಗೆ ಅನಿಸಿದ್ದೇ ಆ ದಿನದ ರಗಳೆಗೆಲ್ಲ ಮೂಲ.

ಧಾರವಾಡದ ಒಂದು ಬೀಜದ ಕಂಪನಿಯಲ್ಲಿ ಪೈಥಾನ್ ಪ್ರೋಗ್ರಾಂ ಬರೆದು ಅಂಕಿಗಳನ್ನು ಚಿತ್ರವಾಗಿಸುವುದು ಅವನ ಕೆಲಸ. ಮರುದಿನದ ರೈತರ ಸಭೆಗೆ ಎರಡು ದೊಡ್ಡ ಹಾಳೆ ಬೇಕಿದ್ದವು. ಹತ್ತಿ ವಿಭಾಗದ ಮುಜಾಫರ ಸರ್ ಒಂದು ಕೇಳಿದ್ದರು, ಮೆಣಸಿನಕಾಯಿ ವಿಭಾಗದ ಶಾಂಭವಿ ಮೇಡಂ ಇನ್ನೊಂದು. ಇಬ್ಬರೂ ಬೇರೆ ಬೇರೆಯಾಗಿ ಬಂದು, ಮೂಲೆಯಲ್ಲಿ ಮಳೆಯ ಗ್ರಾಫ್ ಇರಲಿ ಎಂದಿದ್ದರು.

ನಾಲ್ಕರ ಬಸ್ಸಿಗೆ ಅಮರೇಶ ಉಪ್ಪಿನಬೆಟಗೇರಿಗೆ ಹೊರಡಬೇಕಿತ್ತು, ಕನ್ಯಾ ನೋಡಲಿಕ್ಕೆ. ಎರಡು ಸಲ ಆಫೀಸಿನ ನೆವದಿಂದ ತಪ್ಪಿಸಿಕೊಂಡಿದ್ದ. “ಈ ಸಲಾನೂ ಬರಲಿಲ್ಲಂದ್ರ ಅವರು ಬ್ಯಾರೆ ವರಾ ನೋಡ್ತಾರಂತ” ಎಂದು ಅವ್ವ ಖಡಾಖಂಡಿತ ಹೇಳಿದ್ದಳು.

ಹತ್ತಿಯ ಹಾಳೆಯಲ್ಲಿ ಚೆಂದಾಗಿ ಕೂತಿದ್ದ ಗ್ರಾಫನ್ನೇ ಮೆಣಸಿನಕಾಯಿಯ ಹಾಳೆಗೂ ಸೇರಿಸಿ ಗುಂಡಿ ಒತ್ತಿದ. ಅಲ್ಲಿ ಮಳೆ ಬಂತು, ಹತ್ತಿಯ ಹಾಳೆಯ ಮೂಲೆ ಖಾಲಿಯಾಯಿತು; ಒಂದು ಗ್ರಾಫ್ ಒಂದು ಸಲಕ್ಕೆ ಒಂದೇ ಹಾಳೆಯಲ್ಲಿರಬೇಕು ಎಂಬುದು ಆ ಪ್ರೋಗ್ರಾಂನ ಕಟ್ಟಳೆ. ಕತೆಯ ಮಾಯದ ಗಿಳಿ ಪಂಜರದಿಂದ ಪಂಜರಕ್ಕೆ ಹಾರಿದ ಹಾಗೆ.

“ನನ್ನ ಮಳಿ ಎಲ್ಲೋ?” ಹಿಂದೆ ನಿಂತಿದ್ದ ಮುಜಾಫರ ಸರ್ ಕೇಳಿದರು.

“ಮೇಡಮ್ಮರ ಹಾಳ್ಯಾಗ ಹೋಗೇತ್ರಿ ಸರ್.”

“ಹೋಗೇತಿ ಅಂದ್ರ? ಕಾಲು ಬಂದಾವೇನು ಅದಕ್ಕ?”

ಅಮರೇಶ ಗ್ರಾಫನ್ನು ಎಳೆದು ತಂದು ಮತ್ತೆ ಹತ್ತಿಯ ಹಾಳೆಯಲ್ಲೇ ಕೂಡಿಸಿದ. ಶಾಂಭವಿ ಮೇಡಂ ಓಡಿಬಂದರು.

“ಅಮರೇಶ, ಚಾ ಕುಡದು ಬರೋದ್ರಾಗ ನನ್ನ ಮಳಿ ಮಾಯ ಆತಲ್ರಿ! ಹತ್ತಿ ಮಂದೀ ಕೂಡ ಒಳಗಿಂದೊಳಗ ಸೇರೀರೇನು?”

ಮಧ್ಯಾಹ್ನ ಮೂರು ಹೊಡೆಯುವುದರೊಳಗೆ ಆ ಗ್ರಾಫ್ ಹುಬ್ಬಳ್ಳಿ-ಧಾರವಾಡ ಬಸ್ಸಿನ ಹಾಗೆ ಹನ್ನೊಂದು ಸಲ ಹೋಗಿ ಬಂತು. ಚಹಾ ತಂದ ಫಕೀರವ್ವ ಪರದೆಯನ್ನೂ ಅವನ ಮಾರಿಯನ್ನೂ ನೋಡಿದಳು.

“ತಮ್ಮಾ, ಒಂದ ರೊಟ್ಟಿ ಎರಡು ತಾಟಿನ್ಯಾಗ ಹೆಂಗ ಇರ್ತೈತೋ? ಯಾವ ತಾಟು ಮುಂದ ಬಂತೋ ಅದಕ್ಕೊಂದು ಹೊಸಾದು ಬಡದು ಹಾಕು.”

ಅಮರೇಶನಿಗೆ ಥಟ್ಟನೆ ಹೊಳೆಯಿತು. ಗ್ರಾಫನ್ನು ಹೊರುವುದಲ್ಲ, ಬರೆಯುವ ಬಗೆಯನ್ನು ಒಮ್ಮೆ ಹೇಳಿಟ್ಟು, ಯಾವ ಹಾಳೆ ಕೊಟ್ಟರೆ ಅದರಲ್ಲಿ ಹೊಸದಾಗಿ ಬರೆಸುವುದು! ಹಳೆಯದನ್ನೆಲ್ಲ ಅಳಿಸಿ ಬರೆದ. ಎರಡೂ ಹಾಳೆಗಳಲ್ಲಿ ಧೋ ಎಂದು ಮಳೆ. ಮೂರೂ ನಲವತ್ತಕ್ಕೆ ಅಚ್ಚಾಗಿ ಬಂದವು. ಚೀಲ ಹೆಗಲಿಗೇರಿತು.

ಆಗಲೇ ಆ ಇಬ್ಬರೂ ಒಬ್ಬರ ಹಾಳೆ ಒಬ್ಬರು ಮೊದಲ ಸಲ ನೋಡಿದ್ದು.

“ಮೇಡಂ, ನನ್ನ ಗ್ರಾಫ್ ನಿಮಗ್ಯಾಕ್ರಿ?”

“ನಿಮ್ಮದಾ? ಮೊದಲ ಹೇಳಿದಾಕಿ ನಾನ್ರಿ!”

ಗದ್ದಲಕ್ಕೆ ದೊಡ್ಡ ಸಾಹೇಬರಾದ ಮಹಾಂತಯ್ಯನವರು ಹೊರಬಂದು ಎರಡನ್ನೂ ನೋಡಿದರು.

“ಎರಡೂ ಒಂದ ಗ್ವಾಡಿಗೆ ಹಚ್ಚೂವು. ಬಾಜೂಕ ಬಾಜೂ ಅದ ಮಳಿ ನೋಡಿದ್ರ ರೈತರು ನಗ್ತಾರ. ಒಂದರಾಗ ಸಾಕು.”

ಮುಂಜಾನೆಯಿಂದ ತಾನಾಗಿಯೇ ಆಗುತ್ತಿದ್ದದ್ದು ಅದೇ ಅಲ್ಲವೇ! ಅಮರೇಶ ಅಳುಬುರುಕ ದನಿಯಲ್ಲಿ ಕೇಳಿದ, “ಯಾವುದರಾಗ ಇಡ್ಲಿರೀ, ಸಾಹೇಬ್ರ? ಲಗೂ ಹೇಳ್ರಿ.”

“ಅದನ್ನ ಇವರಿಬ್ರೂ ಬಗೀಹರಿಸಿಕೊಳ್ಳಲಿ. ಅಲ್ಲೀತನಕ ನೀ ಕುರ್ಚಿ ಬಿಟ್ಟು ಏಳಬ್ಯಾಡ.”

ಮುಜಾಫರ ಸರ್ ಅವನ ಬಲಕ್ಕೆ ಕುರ್ಚಿ ಎಳೆದುಕೊಂಡರು. ಶಾಂಭವಿ ಮೇಡಂ ಎಡಕ್ಕೆ ಎಳೆದುಕೊಂಡು, ಫಕೀರವ್ವನಿಗೆ ಕೂಗಿ ಹೇಳಿದರು: “ಇನ್ನೊಂದು ಸುತ್ತು ಚಾ ಇಡವಾ, ಇದು ಇವತ್ತ ಮುಗಿಯೂದಲ್ಲ.”