ಜಯನಗರದಲ್ಲಿ ಕೆಮ್ಮು, ಬಿಟಿಎಂನಲ್ಲಿ ಆರೋಗ್ಯ

ಭಾನುವಾರದೊಳಗೆ ಈ ಕಾರಿನ ಕಾಯಿಲೆ ಕಂಡುಹಿಡಿಯದಿದ್ದರೆ ನಾನು ವ್ಯಾಪಾರಿಯೇ ಅಲ್ಲ ಎಂದು ೨೦೦೬ರ ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಘೋಷಿಸಿದೆ. ಬಾಯಲ್ಲಿ ಪೇಸ್ಟ್ ಇದ್ದುದರಿಂದ ಘೋಷಣೆಯ ಅರ್ಧಭಾಗ ಕನ್ನಡಿಯ ಮೇಲೆ ಬಿತ್ತು. ಉಳಿದರ್ಧ ನನ್ನ ಹೆಂಡತಿ ಚೂಡಾಮಣಿಯ ಕಿವಿಗೆ ಬಿತ್ತು.

"ಸರಿ ಮಾಡಿದ್ರೆ ಕಾರು ಇರುತ್ತೆ. ಇಲ್ದಿದ್ರೆ ಭಾನುವಾರ ಹತ್ತು ಗಂಟೆಗೆ ಅರೆಕೆರೆ ಜಯದೇವಪ್ಪನವರು ಬಂದು ದುಡ್ಡು ಕೊಟ್ಟು ತಗೊಂಡು ಹೋಗ್ತಾರೆ. ಮಾತಾಡ್ಬಿಟ್ಟಿದೀನಿ," ಎಂದಳು.

ನನಗೆ ಪೇಸ್ಟ್ ನುಂಗಿದಂತಾಯಿತು. ನಿಜಕ್ಕೂ ನುಂಗಿದ್ದೆ.

ಆ ಕೆಂಪು ಕಾರು ನನ್ನ ಪ್ರಾಣ. ಇಪ್ಪತ್ತೆರಡು ವರ್ಷ ಜಯನಗರದಲ್ಲಿ ಪ್ಲಾಸ್ಟಿಕ್ ಕವರುಗಳ ಹೋಲ್‌ಸೇಲ್ ವ್ಯಾಪಾರ ಮಾಡಿ, ದೋಸೆ ಹಿಟ್ಟಿನ ಕವರಿನಿಂದ ತಾಂಬೂಲದ ಕವರಿನವರೆಗೆ ಎಣಿಸಿ ಎಣಿಸಿ ಬೆರಳು ಸವೆಸಿದ ಮನುಷ್ಯನಿಗೆ ಜೀವನದಲ್ಲಿ ಒಂದು ಹುಚ್ಚಾದರೂ ಬೇಡವೇ? ಹುಬ್ಬಳ್ಳಿ ಕಡೆಯಿಂದ ಬಂದು ಬಿಟಿಎಂ ಬಡಾವಣೆಯಲ್ಲಿ ಗ್ಯಾರೇಜು ಇಟ್ಟಿದ್ದ ಮೌನೇಶನ ಕೈಗೆ ಆ ಹಳೇ ಕಾರನ್ನು ಒಪ್ಪಿಸಿದೆ. ಅವನು ಎಂಜಿನ್ ಬಿಚ್ಚಿ, ಜೋಡಿಸಿ, ಹೊಸ ಕಂಪ್ಯೂಟರ್ ಡಬ್ಬಿ ಕೂರಿಸಿ, ಕಾರನ್ನು ಟ್ಯೂನ್ ಮಾಡಿಕೊಟ್ಟ. ಮೊದಲು ಹಾಲಿನ ವ್ಯಾನಿಗೂ ದಾರಿ ಬಿಡುತ್ತಿದ್ದ ಗಾಡಿ ಈಗ ಸಿಗ್ನಲ್ ಬಿಟ್ಟ ತಕ್ಷಣ ಚಂಗನೆ ನೆಗೆಯತೊಡಗಿತು.

ಜೊತೆಗೆ ಸೈಲೆನ್ಸರ್ ಪೈಪಿನಲ್ಲಿ ಒಂದು ಆಕ್ಸಿಜನ್ ಸೆನ್ಸರ್ ಕೂರಿಸಿದ. ಹೆಬ್ಬೆರಳಿನಷ್ಟು ಗಾತ್ರ, 'ವೈಡ್‌ಬ್ಯಾಂಡ್' ಎಂದು ಬಿರುದು. ಅಡುಗೆಯವರು ಸಾರನ್ನು ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾರಲ್ಲ, ಹಾಗೆ ಇದು ಎಂಜಿನ್ನಿನ ಹೊಗೆಯ ರುಚಿ ನೋಡಿ ಪೆಟ್ರೋಲು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಅದೇ ವರದಿಯನ್ನು ನನ್ನ ಮುಂದಿನ ಮೀಟರಿನಲ್ಲಿ ಒಂದು ಮುಳ್ಳು ತೋರಿಸುತ್ತದೆ. ಆಕ್ಸಿಲರೇಟರ್ ಒತ್ತಿದ ಕೂಡಲೇ ಮುಳ್ಳು ಚಕ್ಕನೆ ತಿರುಗಬೇಕು.

ಈಗ ತಿರುಗುತ್ತಿರಲಿಲ್ಲ. ನಾನು ಒತ್ತುತ್ತಿದ್ದೆ, ಅದು ಯೋಚಿಸುತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಬಂದ ಗುಮಾಸ್ತರ ಗತ್ತಿನಲ್ಲಿ ಆಮೇಲೆ ನಿಧಾನವಾಗಿ ಸರಿದು, ಪೆಟ್ರೋಲು ಸಾಲದು ಎಂದು ಷರಾ ಬರೆಯುತ್ತಿತ್ತು. ಕಂಪ್ಯೂಟರು ಅದನ್ನು ನಂಬಿ ಇನ್ನಷ್ಟು ಸುರಿಯುತ್ತಿತ್ತು. ಹಿಂದಿನಿಂದ ಕಪ್ಪು ಹೊಗೆ ಬುಸುಬುಸು ಏಳುತ್ತಿತ್ತು.

ಮಂಗಳವಾರ ಕಾರನ್ನು ಮೌನೇಶನ ಗ್ಯಾರೇಜಿಗೆ ಒಯ್ದೆ. ಅವನು ಬಾನೆಟ್ ಎತ್ತಿದ, ಕೈ ಹಾಕಿದ, ಸೆನ್ಸರನ್ನು ಬಿಚ್ಚಿ ಗಾಳಿಯಲ್ಲಿ ಹಿಡಿದು ಪರೀಕ್ಷೆ ಮಾಡಿದ, ಮತ್ತೆ ಕೂರಿಸಿದ. ಆಕ್ಸಿಲರೇಟರ್ ಒತ್ತಿದರೆ ಮುಳ್ಳು ಮಿಂಚಿನಂತೆ ಓಡಿತು.

"ಏನೂ ಆಗಿಲ್ರೀ ಸಾವ್ಕಾರ್ರ. ಛಲೋ ಐತಿ," ಎಂದ.

ಸಂಜೆ ಮೀಸೆ ತಿರುವುತ್ತಾ ಮನೆಗೆ ಬಂದೆ. ಬುಧವಾರ ಬೆಳಿಗ್ಗೆ ಮತ್ತೆ ಅದೇ ಗುಮಾಸ್ತ, ಅದೇ ಹೊಗೆ. ಗುರುವಾರ ಪುನಃ ಬಿಟಿಎಂಗೆ ಹೋದೆ. ಮೌನೇಶ ಕೈ ಹಾಕಿದ, ಮುಳ್ಳು ಓಡಿತು. ಶುಕ್ರವಾರ ಜಯನಗರದಲ್ಲಿ ಮತ್ತೆ ಕೆಮ್ಮು. ನನ್ನ ತಲೆ ಕೆಟ್ಟು ಗೊಬ್ಬರವಾಯಿತು. ಪರೀಕ್ಷೆಯ ದಿನ ಮಾತ್ರ ಹೊಟ್ಟೆನೋವು ಬರುವ ಹುಡುಗರನ್ನು ನೋಡಿದ್ದೇನೆ. ಬಡಾವಣೆ ನೋಡಿಕೊಂಡು ಕಾಯಿಲೆ ಬೀಳುವ ಯಂತ್ರವನ್ನು ನೋಡಿರಲಿಲ್ಲ. ಪೆಟ್ರೋಲ್ ಬಂಕ್ ಬದಲಾಯಿಸಿದೆ. ನಮ್ಮ ರಸ್ತೆಯ ಉಬ್ಬುಗಳ ಮೇಲೆ ಕಾರನ್ನು ಬಾಣಂತಿಯಂತೆ ಇಳಿಸಿದೆ. ಬಿಟಿಎಂಗೂ ಜಯನಗರಕ್ಕೂ ಗಾಳಿಯಲ್ಲಿ ವ್ಯತ್ಯಾಸವಿದೆಯೇ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರನ್ನು ಕೇಳಿದೆ. ಅವರು ಕವರು ಕೊಳ್ಳದೆ ಹೋದರು.

ಪಕ್ಕದ ಮನೆಯ ಅನಂತರಾಮು ನಿವೃತ್ತರು, ಸಲಹೆಯಲ್ಲಿ ಉದಾರಿಗಳು. ಕಾರಿನ ಮುಖ ದಕ್ಷಿಣಕ್ಕಿರುವುದೇ ತೊಂದರೆ, ಉತ್ತರಕ್ಕೆ ತಿರುಗಿಸಿ ಎಂದರು. ತಿರುಗಿಸಿದೆ. ಮುಖ ಉತ್ತರಕ್ಕೆ ಹೋದ ಮೇಲೆ ಬಾಲ ಎಲ್ಲಿಗೆ ಹೋಗಬೇಕು? ನೇರವಾಗಿ ಅನಂತರಾಮು ಅವರು ಒಣಹಾಕಿದ್ದ ಮೂರು ಬಿಳಿ ಪಂಚೆಗಳ ಕಡೆಗೆ. ಶುಕ್ರವಾರ ಬೆಳಿಗ್ಗೆ ನಾನು ಆಕ್ಸಿಲರೇಟರ್ ಒತ್ತಿ ಮುಳ್ಳನ್ನು ದಿಟ್ಟಿಸುತ್ತಾ ಐದು ನಿಮಿಷ ಕೂತಿದ್ದೆ. ಇಳಿದು ನೋಡಿದರೆ ಪಂಚೆಗಳು ಶಬರಿಮಲೆಗೆ ಹೊರಟಿದ್ದವು. ಅನಂತರಾಮು ಅವುಗಳನ್ನು ಹಗ್ಗದಿಂದ ತೆಗೆದರು. ಮೂರನ್ನೂ ಮಡಿಸಿ ತಂದು ಚೂಡಾಮಣಿಯ ಕೈಗೆ ಕೊಟ್ಟು ಹೋದರು.

"ನಾಳೆ ಗ್ಯಾರೇಜಿಗೆ ನಾನೂ ಬರ್ತೀನಿ," ಎಂದಳು ಚೂಡಾಮಣಿ, ಪಂಚೆ ನೆನೆಹಾಕುತ್ತಾ.

ಶನಿವಾರ ಇಬ್ಬರೂ ಹೋದೆವು. ಮೌನೇಶ ಎಂದಿನಂತೆ ಕೈ ಹಾಕಿದ, ಮುಳ್ಳು ಎಂದಿನಂತೆ ಓಡಿತು. ನಾನು ಹತಾಶನಾಗಿ ಟೈರಿನ ಮೇಲೆ ಕುಳಿತೆ. ಚೂಡಾಮಣಿ ಕುಳಿತುಕೊಳ್ಳಲಿಲ್ಲ. ಇದು ಕೆಲಸ ಮಾಡುವುದು ಹೇಗೆ ಎಂದು ಕೇಳಿದಳು. ಇಷ್ಟು ದಿನದಲ್ಲಿ ನಾನು ಕೇಳದಿದ್ದ ಏಕೈಕ ಪ್ರಶ್ನೆ ಅದು.

"ಒಳಗಿನ ಹೊಗಿ, ಹೊರಗಿನ ಗಾಳಿ, ಎರಡೂ ಹೋಲಿಸಿ ನೋಡ್ತೈತ್ರೀ ಅಕ್ಕಾರ. ಹೊರಗಿನ ಗಾಳಿ ಈ ವೈರಿನ ತುದಿ ಪ್ಲಗ್ಗಿನಾಗಿಂದ ಒಳಗ ಹೋಗ್ತೈತಿ. ಇದು ಉಸಿರಾಡೂದು ಇಲ್ಲಿಂದನ," ಎಂದು ಮೌನೇಶ ಪ್ಲಗ್ ತೋರಿಸಿದ.

ಚೂಡಾಮಣಿ ಪ್ಲಗ್ಗನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳ ಆ ನೋಟ ನನಗೆ ಹೊಸದಲ್ಲ.

"ಹಾಗಾದ್ರೆ ಇಲ್ಲಿಂದ ಬಂದಾಗಲೆಲ್ಲ ಇವರು ಇದಕ್ಕೆ ಕಟ್ತಾರಲ್ಲ, ಆ ಕವರ್?"

ಇಲ್ಲಿ ಓದುಗರಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ನಮ್ಮ ಮನೆಯಲ್ಲಿ ಟಿವಿ ರಿಮೋಟಿಗೆ ಕವರಿದೆ, ಟೆಲಿಫೋನಿಗೆ ಕವರಿದೆ, ಪಂಚಾಂಗಕ್ಕೂ ಕವರಿದೆ. ಕೊಂಡು ಎಂಟು ವರ್ಷವಾದರೂ ಕಾರಿನ ಸೀಟುಗಳು ಕಂಪನಿಯ ಪ್ಲಾಸ್ಟಿಕ್ಕಿನಲ್ಲೇ ಇವೆ. ಹೀಗಿರುವಾಗ ಅಷ್ಟು ಬೆಲೆಬಾಳುವ ಸೆನ್ಸರಿನ ಪ್ಲಗ್ ಮಾತ್ರ ಧೂಳಿನಲ್ಲಿ ಬೆತ್ತಲೆ ಇರುವುದನ್ನು ನೋಡಿ ನನ್ನ ಕರುಳು ಚುರುಕ್ ಎಂದಿತ್ತು. ದಪ್ಪ ಕವರೊಂದನ್ನು ತೊಡಿಸಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಮೇಲೆ ಬ್ರೌನ್ ಟೇಪು ಸುತ್ತಿದ್ದೆ. ಗ್ಯಾರೇಜಿನಿಂದ ಬಂದಾಗಲೆಲ್ಲ ಅದು ಮಾಯವಾಗಿರುತ್ತಿತ್ತು. ಎಲ್ಲೋ ಬಿದ್ದುಹೋಗಿರಬೇಕೆಂದು ಮನೆಯ ಗೇಟಿನ ಹತ್ತಿರವೇ ಹೊಸದು ಕಟ್ಟುತ್ತಿದ್ದೆ. ಸಲದಿಂದ ಸಲಕ್ಕೆ ದಪ್ಪನೆಯದು, ನಮ್ಮ ಅಂಗಡಿಯಲ್ಲೇ ಮೊದಲ ದರ್ಜೆಯ ಮಾಲು.

"ಮೂರು ಸಲ ನಾನ ಕಿತ್ತು ಒಗದೀನ್ರೀ. ಕವರಿನ ಸಾವ್ಕಾರ್ರ ಗಾಡ್ಯಾಗ ಕವರ್ ಇರದ ಇನ್ನೇನ್ ಇರ್ತೈತಿ ಅಂತ ಸುಮ್ನಿದ್ದೆ," ಎಂದ ಮೌನೇಶ.

ಒಂದು ವಾರ ಆ ಬಡಪಾಯಿಯ ಮೂಗು ಬಾಯಿ ಕಟ್ಟಿ, ಯಾಕೋ ನಿಧಾನವಾಗಿದೆಯಲ್ಲ ಎಂದು ಊರೆಲ್ಲ ವೈದ್ಯ ಹುಡುಕಿದ್ದೆ. ಮೌನೇಶ ಕಾರಿನ ಕೀ ಎತ್ತಿಕೊಂಡ. ನಾನು ಕೈ ಚಾಚಿದೆ. ಅವನು ಅದನ್ನು ಚೂಡಾಮಣಿಯ ಕೈಗಿಟ್ಟ. ಬನಶಂಕರಿಯ ಡ್ರೈವಿಂಗ್ ಶಾಲೆಯಲ್ಲಿ ಕಲಿತು ಲೈಸೆನ್ಸ್ ಪಡೆದು ಎರಡು ವರ್ಷವಾದರೂ, ಟ್ಯೂನ್ ಮಾಡಿದ ಗಾಡಿ ನಿನ್ನ ಕೈಗೆ ಬಗ್ಗುವುದಿಲ್ಲ ಎಂದು ನಾನು ಅವಳಿಗೆ ಕೊಟ್ಟಿರಲಿಲ್ಲ. ಅಂದು ಅವಳೇ ಓಡಿಸಿಕೊಂಡು ಬಂದಳು. ಬಗ್ಗಿತು. ಹೇಳಿದಂತೆ ಕೇಳಿತು ಕೂಡ.

ಭಾನುವಾರ ಸರಿಯಾಗಿ ಹತ್ತಕ್ಕೆ ಜಯದೇವಪ್ಪನವರು ಬಂದರು. ವಾಪಸು ಹೋಗುವುದು ಕಾರಿನಲ್ಲಿ ಎಂಬ ಭರವಸೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಚಕ್ರಗಳ ಕೆಳಗಿಡಲು ನಾಲ್ಕು ನಿಂಬೆಹಣ್ಣು. ನಾನು ಎದೆಯುಬ್ಬಿಸಿ, ಕಾರು ಸರಿಹೋಗಿದೆ, ಮಾರುವುದಿಲ್ಲ ಎಂದೆ.

"ಯಾರು ಸಾರ್ ಸರಿ ಮಾಡಿದ್ದು?" ಎಂದು ಅವರು ಸಹಜವಾಗಿಯೇ ಕೇಳಿದರು.

ನನ್ನ ಎದೆ ಯಥಾಸ್ಥಾನಕ್ಕೆ ಮರಳಿತು.

"ನಾನು," ಎನ್ನುತ್ತಾ ಚೂಡಾಮಣಿ ಒಳಗಿನಿಂದ ಬಂದಳು. "ಅದಕ್ಕೇ ಇನ್ಮೇಲೆ ಓಡ್ಸೋದೂ ನಾನೇ. ಪಾಪ, ನಿಂಬೆಹಣ್ಣು ತಂದಿದೀರಾ? ಕೊಡಿ."

ನಾಲ್ಕನ್ನೂ ನಾಲ್ಕು ಚಕ್ರಗಳ ಕೆಳಗಿಟ್ಟಳು. ಚಟಚಟನೆ ಸಿಡಿಸಿಕೊಂಡು, ತ್ಯಾಗರಾಜನಗರದ ತಂಗಿಯ ಮನೆಗೆ ಹೊರಟೇಬಿಟ್ಟಳು. ಹೊಗೆ ಎಂಬುದು ಹೆಸರಿಗೂ ಇಲ್ಲ. ಅನಂತರಾಮು ತಮ್ಮ ಕಾಂಪೌಂಡಿನಿಂದ ಕೈ ಮುಗಿದರು, ಅವಳಿಗೆ.

ಭಾನುವಾರ ನಮ್ಮ ಅಂಗಡಿ ಅರ್ಧ ದಿನ ಇರುತ್ತದೆ. ಬೀಗದ ಗೊಂಚಲು ಹಿಡಿದು ಹೊರಟೆ. ಜಯದೇವಪ್ಪನವರೂ ಅದೇ ದಾರಿಯಲ್ಲಿ ಬಂದರು. ಬಸ್ ಸ್ಟಾಪಿನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತೆವು. ಅವರು ಎರಡು ಸಲ ನನ್ನ ಕೈಯ ಬೀಗದ ಗೊಂಚಲನ್ನು ನೋಡಿದರು. ಕೊನೆಗೆ ತಡೆಯಲಾರದೆ ನನ್ನ ಕಡೆ ತಿರುಗಿದರು.

"ನನಗೆ ಕಾರು ಸಿಗ್ಲಿಲ್ಲ, ಬಸ್ಸಿಗೆ ನಿಂತಿದೀನಿ ಸಾರ್. ನಿಮ್ಮ ಕಾರು ಉಳೀತಲ್ಲ, ನೀವ್ಯಾಕೆ ನಿಂತಿದೀರಾ?"

ಬಾಗಿಲಿನವರೆಗೂ ಜನ ಜೋತುಬಿದ್ದಿದ್ದ ಒಂದು ಬಸ್ಸು ಬಂತು. ಅದು ಎಲ್ಲಿಗೆ ಹೋಗುತ್ತದೆ ಎಂದು ಕೂಡ ನೋಡದೆ ಹತ್ತಿಬಿಟ್ಟೆ.